ಬೆಂಗಳೂರಿಗೆ ಹೋದ ಮಗಳು ಮನೆಗೆ ಫೋನ್ ಮಾಡುವಂತಿರಲಿ

ಮೂರು ವರ್ಷದ ಹಿಂದಿನ ಮಾತು. ಇಶಾ ನಮಾಝ್ ಮುಗಿಸಿ ಪಳ್ಳಿಯ ಮೆಟ್ಟಿಲು ಇಳಿಯುತ್ತಿದ್ದೆ. ಪರಿಚಯದವರೊಬ್ಬರು ಕೈ ಹಿಡಿದು ಪಕ್ಕಕ್ಕೆ ಕರೆದರು. "ಉಸ್ತಾದ್, ಇದೊಂದು ನೋಡಿ" ಅಂತ ಮೊಬೈಲ್ ಮುಂದೆ ಹಿಡಿದರು. ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಒಂದು ಹೋಟೆಲಿನಲ್ಲಿ ರಾತ್ರಿ ಹೊತ್ತು ತೆಗೆದ ಫೋಟೋ. ಐದಾರು ಮಂದಿ ಹುಡುಗ ಹುಡುಗಿಯರು ಟೇಬಲ್ ಸುತ್ತ ಕೂತಿದ್ದಾರೆ. ಒಬ್ಬಳ ತಲೆ ಮೇಲೆ ಶಾಲು ಇಲ್ಲ, ಜೀನ್ಸ್ ಹಾಕಿದ್ದಾಳೆ, ನಗುತ್ತಿದ್ದಾಳೆ. ಅವಳು ಇವರ ಮಗಳು. ಯಾರೋ ಯಾರಿಗೋ ಕಳಿಸಿ, ಅದು ಊರಿನ ಎರಡು ವಾಟ್ಸ್ಆ್ಯಪ್ ಗ್ರೂಪ್ ಸುತ್ತಿ ಕೊನೆಗೆ ಅವರ ಕೈಗೇ ಬಂದಿತ್ತು.

"ಏನು ಮಾಡಲಿ?" ಅಂತ ಕೇಳಿದರು. ನಾನು ಎರಡು ನಿಮಿಷವೂ ಯೋಚಿಸಲಿಲ್ಲ. "ಕೆಲಸ ಬಿಡಿಸಿ ಕರ್ಕೊಂಡು ಬನ್ನಿ. ಒಳ್ಳೆ ಕಡೆ ನೋಡಿ ನಿಕಾಹ್ ಮಾಡಿಬಿಡಿ" ಅಂದೆ. ಅವರು ಹಾಗೇ ಮಾಡಿದರು. ಮಗಳ ಫೋನ್ ಕಿತ್ತುಕೊಂಡರು. ಎರಡು ಕಡೆ ಸಂಬಂಧ ನೋಡಿದರು. ಫೋಟೋ ಅಲ್ಲಿಗೂ ಮೊದಲೇ ತಲುಪಿತ್ತು, ಎರಡೂ ಮುರಿಯಿತು. ನಾಲ್ಕು ತಿಂಗಳಾದ ಮೇಲೆ ಒಂದು ಬೆಳಗ್ಗೆ ಹುಡುಗಿ ಬಸ್ ಹತ್ತಿ ಬೆಂಗಳೂರಿಗೆ ಹೋದಳು. ಈಗ ಅಲ್ಲೇ ದುಡಿಯುತ್ತಿದ್ದಾಳೆ. ಉಮ್ಮನ ಖಾತೆಗೆ ತಿಂಗಳು ತಿಂಗಳು ದುಡ್ಡು ಹಾಕುತ್ತಾಳೆ. ಉಪ್ಪನ ಹತ್ತಿರ ಮಾತಿಲ್ಲ. ಪೆರ್ನಾಳಿಗೂ ಬರಲ್ಲ.

ಆ ಫೋಟೋದಲ್ಲಿ ಅವಳ ಪಕ್ಕ ಕೂತ ಹುಡುಗ ಯಾರು, ಅದು ಏನು ಕೂಟ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಅವಳನ್ನು ನಾನು ಕೇಳಲಿಲ್ಲ. ಅವಳ ಉಪ್ಪನೂ ಕೇಳಲಿಲ್ಲ. ಮದ್ರಸದಲ್ಲಿ ಮಕ್ಕಳಿಗೆ ಇಪ್ಪತ್ತು ವರ್ಷದಿಂದ ಕಲಿಸುತ್ತಿರುವ ನಾನು, ಒಂದು ಫೋಟೋ ನೋಡಿ ಫತ್ವಾ ಕೊಟ್ಟ ಹಾಗೆ ಮಾತಾಡಿಬಿಟ್ಟೆ. ಈ ಲೇಖನ ಬರೆಯಲು ಆ ತಪ್ಪೇ ಕಾರಣ. ಆ ಕುಟುಂಬ ಯಾವ ಊರಿನದು ಅಂತ ಕೇಳಬೇಡಿ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕರಲ್ಲಿ ಎಲ್ಲಾದರೂ ಇರಬಹುದು.

ನಮ್ಮ ಭಾಗದ ಹೆಣ್ಣುಮಕ್ಕಳು ಬೆಂಗಳೂರಿಗೆ ಹೋಗುವುದು ಈಗ ಹೊಸ ಸುದ್ದಿ ಅಲ್ಲ. 2017ರ ಮಾರ್ಚ್‌ನಲ್ಲಿ ಚನ್ನರಾಯಪಟ್ಟಣ, ಶ್ರವಣಬೆಳಗೊಳದ ಮೇಲೆ ಹಾಸನ-ಬೆಂಗಳೂರು ರೈಲು ಶುರುವಾಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಡಿಗ್ರಿ, ಬಿ.ಇ., ನರ್ಸಿಂಗ್ ಮುಗಿಸಿದ ಹುಡುಗಿಗೆ ತಕ್ಕ ಕೆಲಸ ಊರಲ್ಲಿ ಎಷ್ಟಿದೆ? ಹೋಗುತ್ತಾರೆ. ನಮ್ಮ ಹಿರಿಯರೂ ವ್ಯಾಪಾರಕ್ಕೆ ಅಂತ ಕರಾವಳಿ ಬಿಟ್ಟು ಶಿರಾಡಿ ಘಾಟಿ ಹತ್ತಿ ಬಂದವರೇ ಅಲ್ಲವೇ? ಅನ್ನ ಇರುವ ಕಡೆ ಮನುಷ್ಯ ಹೋಗುತ್ತಾನೆ.

ಅಲ್ಲಿ ಹೋದ ಮೇಲೆ ಪಿಜಿ ವಾಸ. ಕೈಯಲ್ಲಿ ಸ್ವಂತ ಸಂಬಳ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಬಟ್ಟೆ, ವಾರದ ಕೊನೆಗೆ ಸ್ನೇಹಿತರ ಜೊತೆ ಊಟ. ಕೋರಮಂಗಲ, ಇಂದಿರಾನಗರದಲ್ಲಿ ರಾತ್ರಿ ಒಂದು ಗಂಟೆವರೆಗೂ ಬಾಗಿಲು ತೆರೆದಿರುವ ಜಾಗಗಳಿವೆ. ಮೊಬೈಲಿನಲ್ಲಿ ಸ್ನೇಹ ಹುಡುಕಿ ಕೊಡುವ ಆ್ಯಪ್‌ಗಳಿವೆ. ಇದನ್ನೆಲ್ಲ ನಾನು ಒಳ್ಳೆಯದು ಅಂತ ಹೇಳ್ತಾ ಇಲ್ಲ. ಮದ್ಯ ಹರಾಮ್. ನಿಕಾಹ್ ಇಲ್ಲದೆ ಗಂಡು ಹೆಣ್ಣು ಏಕಾಂತದಲ್ಲಿರುವುದು ದೀನಿನಲ್ಲಿ ಇಲ್ಲ. ಆ ವಿಷಯದಲ್ಲಿ ನನಗೆ ಎರಡು ಮಾತಿಲ್ಲ, ಯಾರಾದರೂ ಕೇಳಿದರೆ ಇದನ್ನೇ ಹೇಳುತ್ತೇನೆ.

ಆದರೆ ಅದೇ ಕಾನೂನು ಗಂಡುಮಕ್ಕಳಿಗೂ ಇದೆ. ಸೂರಾ ಅನ್ನೂರ್‌ನ 30ನೇ ಆಯತ್ ದೃಷ್ಟಿ ತಗ್ಗಿಸಲು ಮೊದಲು ಹೇಳಿರುವುದು ಗಂಡಸರಿಗೆ. ಹೆಂಗಸರಿಗೆ ಹೇಳುವುದು ಅದರ ಮುಂದಿನ 31ನೇ ಆಯತ್. ನಮ್ಮಲ್ಲಿ ಎಷ್ಟು ಪ್ರಸಂಗಗಳು 31ರಿಂದಲೇ ಶುರುವಾಗಿ 31ರಲ್ಲೇ ಮುಗಿಯುತ್ತವೆ! ಬೆಂಗಳೂರು, ದುಬೈಯಲ್ಲಿರುವ ನಮ್ಮ ಹುಡುಗರ ಶನಿವಾರದ ರಾತ್ರಿ ಫೋಟೋ ಯಾವ ಜಮಾಅತ್ ಗ್ರೂಪಿಗೂ ಬಂದದ್ದು ನಾನು ನೋಡಿಲ್ಲ. ಹರಿದ ಜೀನ್ಸ್, ಕ್ರಿಕೆಟ್ ಆಟಗಾರನ ಕಟಿಂಗ್ ಮಾಡಿಸಿ ಜುಮಾಗೆ ಬಂದವನಿಗೆ "ಸ್ಟೈಲ್ ಆಗಿದ್ದೀಯ ಮಾರಾಯ" ಅಂತ ಬೆನ್ನು ತಟ್ಟುತ್ತೇವೆ. ತಂಗಿ ಹಾಕಿದ ಬಣ್ಣದ ಅಬಾಯ ಮಾತ್ರ ಊರಿನ ಚರ್ಚೆ.

ಇನ್ನೊಂದು ದೊಡ್ಡ ಪಾಪವನ್ನು ನಾವು ಪಾಪ ಅಂತ ಲೆಕ್ಕಕ್ಕೇ ಇಡುವುದಿಲ್ಲ. ಅದೇ ಸೂರಾದ 4ನೇ ಆಯತ್ ಓದಿ. ಮಾನವಂತ ಹೆಣ್ಣಿನ ಮೇಲೆ ಆರೋಪ ಹೊರಿಸಿ ನಾಲ್ಕು ಸಾಕ್ಷಿ ತರದವನಿಗೆ ಎಂಬತ್ತು ಛಡಿಯೇಟು, ಅವನ ಸಾಕ್ಷ್ಯ ಮುಂದೆ ಸ್ವೀಕಾರವಿಲ್ಲ ಅನ್ನುವ ಕಠಿಣ ವಿಧಿ ಅಲ್ಲಿದೆ. ಉಮ್ಮುಲ್ ಮುಅ್‌ಮಿನೀನ್ ಆಯಿಶಾ (ರ) ಅವರ ಮೇಲೆಯೇ ಮದೀನಾದ ಜನ ಮಾತು ಕಟ್ಟಿದರು. ಅವರ ನಿರಪರಾಧಿತ್ವವನ್ನು ಅಲ್ಲಾಹನೇ ಆ ಸೂರಾದಲ್ಲಿ ಇಳಿಸಬೇಕಾಯಿತು. ಸೂರಾ ಅಲ್ ಹುಜುರಾತ್‌ನ 12ನೇ ಆಯತ್ ಗುಮಾನಿ, ಗೂಢಚಾರಿಕೆ, ಪರನಿಂದೆ ಮೂರನ್ನೂ ಒಟ್ಟಿಗೆ ತಡೆಯುತ್ತದೆ. ಅಂದ ಮೇಲೆ ಹೋಟೆಲಿನಲ್ಲಿ ಕದ್ದು ಫೋಟೋ ತೆಗೆದವನು, ಅದನ್ನು "ನೋಡಿ ಇವರ ಮಗಳು" ಅಂತ ದಾಟಿಸಿದವನು ದೀನಿನ ಕೆಲಸ ಮಾಡಿದ ಅಂತ ಹೇಗೆ ಹೇಳೋದು?

ನೈತಿಕ ಪೊಲೀಸ್‌ಗಿರಿಯ ಬಿಸಿ ನಮಗೆ ಗೊತ್ತಿಲ್ಲದ್ದಲ್ಲ. 2009ರ ಜನವರಿ 24ರಂದು ಮಂಗಳೂರಿನ ಪಬ್ಬಿಗೆ ನುಗ್ಗಿ ಹುಡುಗಿಯರನ್ನು ಹೊಡೆದು ಓಡಿಸಿದ್ದು ದೇಶವೇ ಟಿವಿಯಲ್ಲಿ ನೋಡಿತು. 2018ರಲ್ಲಿ ಆರೋಪಿಗಳು ಖುಲಾಸೆಯಾದರು. 2012ರ ಜುಲೈಯಲ್ಲಿ ಪಡೀಲಿನ ಹೋಂಸ್ಟೇಯಲ್ಲಿ ಹುಟ್ಟುಹಬ್ಬಕ್ಕೆ ಸೇರಿದ ಮಕ್ಕಳ ಮೇಲೆ ದಾಳಿಯಾಯಿತು. ಬೇರೆ ಧರ್ಮದ ಸಹಪಾಠಿ ಜೊತೆ ಮಾತಾಡಿದ ಅಂತ ಬಸ್ಸಿನಿಂದ ಇಳಿಸಿ ಹೊಡೆಸಿಕೊಂಡವರಲ್ಲಿ ನಮ್ಮ ಹುಡುಗರೂ ಇದ್ದಾರೆ. ಅದು ತಪ್ಪು ಅಂತ ನಾವೆಲ್ಲ ಹೇಳಿದೆವು. ಹಾಗಿದ್ದರೆ ಬುರ್ಖಾ ಹಾಕಿದ ಹುಡುಗಿಯನ್ನು ಬೀದಿಯಲ್ಲಿ ಅಡ್ಡಗಟ್ಟಿ "ನಿನ್ನ ಉಪ್ಪ ಯಾರು, ಇವನು ಯಾರು" ಅಂತ ವಿಡಿಯೋ ಮಾಡುವ ನಮ್ಮವರೇ ಕೆಲವರಿಗೆ ಯಾವ ಹೆಸರಿಡೋಣ? ಬೇರೆಯವರು ಮಾಡಿದರೆ ಗೂಂಡಾಗಿರಿ, ನಾವು ಮಾಡಿದರೆ ದೀನ್ ಅಂತ ಆಗಲ್ಲ.

ನಗರ ಕೆಟ್ಟದು, ಊರು ಸುರಕ್ಷಿತ ಅನ್ನುವ ಮಾತೂ ಪೂರ್ತಿ ನಿಜ ಅಲ್ಲ. ನಗರದಲ್ಲಿ ಅಪಾಯ ಇದೆ. 2005ರ ಡಿಸೆಂಬರ್‌ನಲ್ಲಿ ರಾತ್ರಿ ಪಾಳಿಗೆ ಹೊರಟ ಕಾಲ್ ಸೆಂಟರ್ ಉದ್ಯೋಗಿಯನ್ನು ಕ್ಯಾಬ್ ಚಾಲಕನೇ ಕೊಂದ. 2016ರ ಡಿಸೆಂಬರ್ 31ರ ರಾತ್ರಿ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಯ ಗದ್ದಲದಲ್ಲಿ ಹೆಣ್ಣುಮಕ್ಕಳು ಅಳುತ್ತ ಪೊಲೀಸರ ಹತ್ತಿರ ಓಡಿದರು. ಆದರೆ ನಮ್ಮ ಹಾಸನವನ್ನೂ ನೋಡಿ. 2024ರ ಏಪ್ರಿಲ್‌ನಲ್ಲಿ ಇದೇ ಜಿಲ್ಲೆಯಲ್ಲಿ ಹೆಂಗಸರ ವಿಡಿಯೋ ತುಂಬಿದ ಪೆನ್‌ಡ್ರೈವ್‌ಗಳು ಕೈಯಿಂದ ಕೈಗೆ ಹರಿದಾಡಿದವು. 2025ರ ಆಗಸ್ಟ್ 2ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಇಲ್ಲಿನ ಮಾಜಿ ಸಂಸದರಿಗೆ, ಮನೆಗೆಲಸದ ಮಹಿಳೆಯ ಮೇಲಿನ ಅತ್ಯಾಚಾರ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆ ಕೊಟ್ಟಿತು. ಆ ಮಹಿಳೆ ಪಬ್ಬಿಗೆ ಹೋದವರಲ್ಲ, ಫ್ಯಾಷನ್ ಮಾಡಿದವರಲ್ಲ. ಕೂಲಿಗೆ ಹೋದವರು. ವಿಡಿಯೋದಲ್ಲಿ ಮುಖ ಕಂಡ ಹೆಂಗಸರು ಊರಲ್ಲಿ ತಲೆ ಎತ್ತಲಾಗದೆ ನರಳಿದ್ದು ಅದನ್ನು ಮಾಡಿದವನಿಂದ ಮಾತ್ರವಾ? ನೋಡಿ, ನಕ್ಕು, ಮುಂದಕ್ಕೆ ಕಳಿಸಿದ ಸಾವಿರ ಕೈಗಳಿಂದಲೂ ಹೌದು.

ಹಾಗಾದರೆ ಮಗಳನ್ನು ಕಾಪಾಡುವುದು ಯಾವುದು? ನನ್ನ ಅನುಭವದಲ್ಲಿ ಒಂದೇ ಉತ್ತರ. ಕಷ್ಟ ಬಂದಾಗ ಅವಳು ಮನೆಗೆ ಫೋನ್ ಮಾಡುವಂತಿರಬೇಕು. ಯಾರೋ ಹುಡುಗ ಹಿಂದೆ ಬಿದ್ದಿದ್ದಾನೆ, ಆಫೀಸಿನಲ್ಲಿ ಮೇಲಿನವನು ಕಾಟ ಕೊಡುತ್ತಾನೆ, ಪ್ರೀತಿ ಮಾಡಿದವನು ಫೋಟೋ ಇಟ್ಟುಕೊಂಡು ಹೆದರಿಸುತ್ತಿದ್ದಾನೆ, ಅಥವಾ ಅವಳಿಂದಲೇ ತಪ್ಪಾಗಿದೆ. ಈ ನಾಲ್ಕರಲ್ಲಿ ಯಾವುದನ್ನಾದರೂ ನಿಮ್ಮ ಮಗಳು ಇವತ್ತು ರಾತ್ರಿ ನಿಮಗೆ ಹೇಳಬಲ್ಲಳಾ? "ಹೇಳಿದರೆ ಕೆಲಸ ಬಿಡಿಸ್ತಾರೆ, ಯಾರಿಗಾದರೂ ಕಟ್ಟಿಬಿಡ್ತಾರೆ" ಅಂತ ಗೊತ್ತಿರುವವಳು ಹೇಳಲ್ಲ. ಅವಳು ಮುಚ್ಚಿಡುತ್ತಾಳೆ. ಹೆದರಿಸುವವನಿಗೆ ಬೇಕಾಗಿರುವುದೂ ಅದೇ.

ಅದಕ್ಕೆ ಕೆಲವು ಮಾತು. ಪಿಜಿಗೆ ಬಿಡಲು ಒಬ್ಬ ಉಪ್ಪ ಹೋಗಿ ಗೇಟಿನಿಂದ ಹಿಂದೆ ಬರಬೇಡಿ. ಉಮ್ಮನನ್ನೂ ಕರ್ಕೊಂಡು ಹೋಗಿ, ಕೋಣೆ ನೋಡಿ, ಜೊತೆಗಿರುವವರ ಹತ್ತಿರ ಮಾತಾಡಿ. ದಿನಾ ಫೋನ್ ಮಾಡಿ, ಆದರೆ ಪೊಲೀಸ್ ಠಾಣೆಯ ವಿಚಾರಣೆ ಥರ ಬೇಡ. ಊಟ ಆಯ್ತಾ, ಇವತ್ತು ಏನು ನಡೀತು ಅಂತ ಕೇಳಿ. "ಏನೇ ಆದರೂ ಮೊದಲು ನನಗೆ ಹೇಳು, ಮೊದಲು ಬೈಯಲ್ಲ" ಅಂತ ಒಂದು ಸಲ ಬಾಯಿಬಿಟ್ಟು ಹೇಳಿ. ಸಹಾಯಕ್ಕೆ 112, ಮಹಿಳಾ ಸಹಾಯವಾಣಿ 181, ಫೋಟೋ ಇಟ್ಟು ಬೆದರಿಸಿದರೆ, ಆನ್‌ಲೈನ್ ಮೋಸವಾದರೆ 1930. ಈ ಮೂರು ನಂಬರ್ ಉಮ್ಮಂದಿರ ಫೋನಿನಲ್ಲೂ ಇರಲಿ. ಹತ್ತು ಜನಕ್ಕಿಂತ ಕಮ್ಮಿ ಇಲ್ಲದ ಯಾವುದೇ ಆಫೀಸಿನಲ್ಲಿ ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿ ಇರಬೇಕು ಅಂತ 2013ರ ಕಾನೂನು ಹೇಳುತ್ತದೆ. ಮದುವೆಯ ಸುಳ್ಳು ಮಾತು ಕೊಟ್ಟು ದೈಹಿಕ ಸಂಬಂಧ ಬೆಳೆಸಿದವನಿಗೆ ಭಾರತೀಯ ನ್ಯಾಯ ಸಂಹಿತೆಯ 69ನೇ ಕಲಮಿನಲ್ಲಿ ಹತ್ತು ವರ್ಷದವರೆಗೆ ಶಿಕ್ಷೆ ಇದೆ. ಇದು ಹುಡುಗಿಯರಿಗೂ ಗೊತ್ತಿರಲಿ, ಹುಡುಗರಿಗೂ ಗೊತ್ತಿರಲಿ.

ನಿಕಾಹ್ ಬಗ್ಗೆಯೂ ಒಂದು ಮಾತು. ಖದೀಜಾ (ರ) ವ್ಯಾಪಾರಿಯಾಗಿದ್ದರು, ಮದುವೆಯ ಪ್ರಸ್ತಾಪ ಬಂದದ್ದೂ ಅವರ ಕಡೆಯಿಂದಲೇ. ವಿಧವೆಯಾಗಿದ್ದ ಖನ್ಸಾ ಬಿಂತ್ ಖಿದಾಮ್ (ರ) ತನ್ನ ಇಷ್ಟವಿಲ್ಲದೆ ಉಪ್ಪ ಮಾಡಿದ ನಿಕಾಹ್ ಬಗ್ಗೆ ದೂರಿದಾಗ ಪ್ರವಾದಿ (ಸ) ಅದನ್ನು ರದ್ದು ಮಾಡಿದರು. ನಮ್ಮ ಶಾಫಿಈ ಮದ್‌ಹಬಿನಲ್ಲಿ ಕನ್ಯೆಯಾದ ಮಗಳ ಅಭಿಪ್ರಾಯ ಕೇಳುವುದು ಸುನ್ನತ್. ಮಗಳಿಗೆ ಯಾರ ಮೇಲಾದರೂ ಮನಸ್ಸಿದ್ದರೆ ಅದನ್ನು ಹೇಳಲು ಮನೆಯಲ್ಲಿ ಜಾಗ ಇರಲಿ. ಹುಡುಗ ಯೋಗ್ಯನಾದರೆ ಹಲಾಲ್ ದಾರಿ ತೆರೆದೇ ಇದೆ. ಯೋಗ್ಯನಲ್ಲದಿದ್ದರೆ ಕೂರಿಸಿ ಕಾರಣ ಹೇಳಿ. ಆ ಮಾತಿಗೂ ಬಾಗಿಲು ಮುಚ್ಚಿದರೆ ಅವಳಿಗೆ ಉಳಿಯುವುದು ಕದ್ದು ನಡೆಯುವ ದಾರಿ ಮಾತ್ರ.

ಕೊನೆಗೆ ನಮ್ಮ ಮದ್ರಸಗಳ ತಪ್ಪು. ಹುಡುಗಿ ದೊಡ್ಡವಳಾಗುವ ಹೊತ್ತಿಗೆ ನಮ್ಮ ತರಗತಿಯಿಂದ ಹೊರಗೆ ಹೋಗಿರುತ್ತಾಳೆ. ವುಳೂ, ನಮಾಝ್ ಕಲಿಸಿದ್ದೇವೆ. ಹದಿನೆಂಟಕ್ಕೆ ಬಂದಾಗ ಸ್ನೇಹ, ದುಡ್ಡು, ಒಂಟಿತನ, ಪ್ರೀತಿ ಎದುರಾಗುತ್ತದಲ್ಲ, ಅದರ ಬಗ್ಗೆ ಒಂದು ಪಾಠವೂ ಇಲ್ಲ. ಪ್ರತಿ ಮಹಲ್ಲಿನಲ್ಲಿ ತಿಂಗಳಿಗೊಂದು ದಿನ ಹುಡುಗರಿಗೆ, ಇನ್ನೊಂದು ದಿನ ಹುಡುಗಿಯರಿಗೆ, ಓದಿದ ಹೆಂಗಸರನ್ನೇ ಕರೆಸಿ ಮಾತಾಡಿಸೋಣ. ಜಮಾಅತ್ ಸಮಿತಿಗಳು ಇನ್ನೊಂದು ತೀರ್ಮಾನವನ್ನೂ ಮಾಡಲಿ. ಯಾರದೇ ಮಗಳ ಫೋಟೋ ಹಿಡಿದು ಬಂದವನ ದೂರು ಕೇಳುವ ಮೊದಲು, "ಇದು ನಿನ್ನ ಕೈಗೆ ಹೇಗೆ ಬಂತು, ಎಷ್ಟು ಜನಕ್ಕೆ ಕಳಿಸಿದೆ" ಅಂತ ಅವನನ್ನೇ ಕೇಳಲಿ.

"ಉಸ್ತಾದರೇ ಹೀಗೆ ಬರೆದರೆ ಮಕ್ಕಳಿಗೆ ಸಲುಗೆ ಕೊಟ್ಟ ಹಾಗಾಗಲ್ವಾ?" ಅಂತ ಕೆಲವರು ಕೇಳಬಹುದು. ಹರಾಮನ್ನು ಹಲಾಲ್ ಮಾಡಲು ನನಗೆ ಅಧಿಕಾರ ಇಲ್ಲ, ಮಾಡಿಯೂ ಇಲ್ಲ. ಆದರೆ ಬುದ್ಧಿ ಹೇಳಬೇಕಾದರೂ ಮಗಳು ಫೋನ್ ಎತ್ತಬೇಕಲ್ಲ? ನಾನು ಆ ದಿನ ಅವಸರದಲ್ಲಿ ಆಡಿದ ಮಾತಿನಿಂದ ಒಂದು ಮನೆಯ ಫೋನ್ ನಿಂತುಹೋಯಿತು. ಅವಳ ಉಪ್ಪನಿಗೆ ಕಳೆದ ವಾರ ಹೇಳಿದೆ: "ನೀವೇ ಮೊದಲು ಫೋನ್ ಮಾಡಿ. ಸಲಾಂ ಹೇಳಿ. ಫೋಟೋ ವಿಷಯ ಎತ್ತಬೇಡಿ. ಉಸ್ತಾದ್ ಮಾಫಿ ಕೇಳಿದ್ದಾರೆ ಅಂತಲೂ ಹೇಳಿ." ಮಾಡ್ತೀನಿ ಅಂದಿದ್ದಾರೆ. ಇನ್ನೂ ಮಾಡಿಲ್ಲ. ಅಲ್ಲಾಹು ಅವರ ಮನಸ್ಸಿಗೆ ಆ ಧೈರ್ಯ ಕೊಡಲಿ, ನಮ್ಮೆಲ್ಲರ ಮಕ್ಕಳನ್ನು ಕಾಪಾಡಲಿ. ಆಮೀನ್.