ಮುಂದಿನ ಬುಟ್ಟಿ, ಹಿಂದಿನ ದಾಸ್ತಾನು

ಬೆಂಗಳೂರು ದಂಡಿನ ಶಿವಾಜಿನಗರದಲ್ಲಿ 1927ರಲ್ಲಿ ಕಟ್ಟಲಾದ ರಸೆಲ್ ಮಾರುಕಟ್ಟೆಯನ್ನು ಹೊಕ್ಕವರು ಹಣ್ಣಿನ ವ್ಯಾಪಾರಿಗಳ ಜಾಣ್ಮೆಯನ್ನು ಗಮನಿಸದಿರಲಾರರು. ಗಿರಾಕಿಗಳು ಹೆಚ್ಚಾಗಿ ಕೇಳುವ ಹಣ್ಣು ಕೈಗೆಟಕುವ ಬುಟ್ಟಿಯಲ್ಲಿರುತ್ತದೆ. ಉಳಿದ ದಾಸ್ತಾನು ಹಿಂದಿನ ಪೆಟ್ಟಿಗೆಗಳಲ್ಲಿರುತ್ತದೆ. ಗಿರಾಕಿ ಬಂದಾಗಲೆಲ್ಲ ಪೆಟ್ಟಿಗೆ ಬಿಚ್ಚುತ್ತ ಕುಳಿತರೆ ವ್ಯಾಪಾರ ಸಾಗದು.

ಗಣಕಯಂತ್ರಗಳಲ್ಲಿಯೂ ಇದೇ ಉಪಾಯವುಂಟು. ಅದರ ಹೆಸರು ಕ್ಯಾಶ್. ಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ನಿಧಾನವಾದ ದೊಡ್ಡ ಸ್ಮೃತಿಯ ಮುಂದೆ ಶೀಘ್ರವಾದ ಚಿಕ್ಕ ಸ್ಮೃತಿಯನ್ನಿರಿಸುವ ಕ್ರಮವನ್ನು ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಮಾರಿಸ್ ವಿಲ್ಕ್ಸ್ ಅವರು 1965ರಲ್ಲಿ ವಿವರಿಸಿದರು. 2009ರಲ್ಲಿ ಹೊರಬಂದ ರೆಡಿಸ್‌ನಂತಹ ಕ್ಯಾಶ್ ಸರ್ವರುಗಳು ಅದೇ ಕೆಲಸವನ್ನು ಡೇಟಾಬೇಸಿನ ಮುಂದೆ ನಿಂತು ಮಾಡುತ್ತವೆ.

ಮಾರುಕಟ್ಟೆಯ ದರಗಳನ್ನು ತಿಳಿಸುವ ತಂತ್ರಾಂಶವೊಂದನ್ನು ವಿದ್ಯಾರ್ಥಿಗಳು ರಚಿಸುವರೆಂದು ಭಾವಿಸೋಣ. ರೆಡಿಸ್ ಸರ್ವರಿನ ವಿಳಾಸವನ್ನೂ 6379 ಎಂಬ ಅದರ ರೂಢಿಯ ಪೋರ್ಟ್ ಸಂಖ್ಯೆಯನ್ನೂ ಕೊಟ್ಟರೆ ಸಂಪರ್ಕವಾಯಿತು. ‘ದಾಳಿಂಬೆಯ ದರ’ ಎಂಬ ಕೀಲಿಪದದಿಂದ ಅದನ್ನು ಕೇಳಬೇಕು. ಉತ್ತರ ಅಲ್ಲಿದ್ದರೆ ಸರಿ. ಇಲ್ಲವಾದರೆ ಡೇಟಾಬೇಸಿನಿಂದ ತಂದು, ಅದರ ನಕಲೊಂದನ್ನು ಕ್ಯಾಶಿನಲ್ಲಿ ಬರೆದಿಡಬೇಕು. ಇಷ್ಟಕ್ಕೇ ಪಾಠ ಮುಗಿಯಿತೆಂದು ಹಲವರು ತಿಳಿಯುತ್ತಾರೆ. ಇದನ್ನು ನಾವು ಒಪ್ಪಲಾರೆವು.

ಬೆಳಗ್ಗೆ ಕಿಲೋಗೆ 160 ರೂಪಾಯಿ ಇದ್ದ ದರ ಮಧ್ಯಾಹ್ನ 200ಕ್ಕೆ ಏರಿತೆನ್ನೋಣ. ಡೇಟಾಬೇಸಿನಲ್ಲಿ ದರವನ್ನು ತಿದ್ದಿದರೂ ಕ್ಯಾಶಿನಲ್ಲಿ ಹಳೆಯದೇ ಉಳಿದರೆ, ಗಿರಾಕಿಯು 160 ಎಂದು ವಾದಿಸುವನು, ವ್ಯಾಪಾರಿಯು ಮೋಸಗಾರನೆನಿಸುವನು. ತಪ್ಪು ಇವರಿಬ್ಬರದೂ ಅಲ್ಲ, ತಂತ್ರಾಂಶವನ್ನು ಬರೆದವನದು. ಬಾಡಿದ ಹಣ್ಣನ್ನು ಕಣ್ಣು ಗುರುತಿಸುತ್ತದೆ. ಹಳಸಿದ ಅಂಕಿಯಾದರೋ ಹೊಸದರಂತೆಯೇ ಕಾಣುತ್ತದೆ.

ಆದುದರಿಂದ ದರ ಬದಲಾದಾಗ ಮೊದಲು ಡೇಟಾಬೇಸಿನಲ್ಲಿ ಬರೆದು, ಬಳಿಕ ಕ್ಯಾಶಿನ ನಕಲನ್ನು ಅಳಿಸಬೇಕು. ಮುಂದೆ ಯಾರಾದರೂ ಕೇಳಿದಾಗ ಹೊಸ ನಕಲು ತಾನಾಗಿಯೇ ಬಂದು ಸೇರುವುದು. ಅಳಿಸುವ ಆಜ್ಞೆ ದಾರಿಯಲ್ಲಿ ತಪ್ಪಿಹೋಗಲೂಬಹುದು. ಆ ಕಾರಣ ಒಂದೊಂದು ನಕಲಿಗೂ ಆಯುಸ್ಸನ್ನು ಗೊತ್ತುಮಾಡಬೇಕು. ಅದು 60 ಸೆಕೆಂಡುಗಳೋ, ಒಂದು ದಿನವೋ? ಹಳೆಯ ಉತ್ತರದಿಂದಾಗುವ ನಷ್ಟವನ್ನು ಎಷ್ಟು ಹೊತ್ತು ಸಹಿಸಬಹುದೆಂಬುದೇ ಅದಕ್ಕೆ ಅಳತೆ. ಕ್ಯಾಶ್ ಸರ್ವರು ನಿಂತುಹೋದರೂ ತಂತ್ರಾಂಶವು ನೇರವಾಗಿ ಡೇಟಾಬೇಸನ್ನು ಕೇಳಿ ಕೆಲಸ ನಡೆಸುವಂತಿರಬೇಕು.

ವೇಗ ಬೇಕು, ನಿಜ. ಆದರೆ ಸುಳ್ಳುತ್ತರವನ್ನು ಬೇಗ ಕೊಡುವುದರಿಂದ ಯಾರಿಗೆ ಪ್ರಯೋಜನ? ಕ್ಯಾಶನ್ನು ಜೋಡಿಸುವುದನ್ನು ಕಲಿಸುವ ತರಗತಿಯು ಅದೇ ದಿನ ಅಳಿಸುವುದನ್ನೂ ಕಲಿಸಬೇಕೆಂಬುದು ನಮ್ಮ ಅಭಿಪ್ರಾಯ.