ಹಳೇ ಡಬ್ಬದೊಳಗಿನ ಕನ್ನಡ

ಹಳೇ ಕಂಪ್ಯೂಟರ್ ಬಗ್ಗೆ ಯಾರನ್ನೇ ಕೇಳಿ, ಉತ್ತರ ಒಂದೇ: ‘ಗುಜರಿಗೆ ಹಾಕಿ, ಹೊಸದು ತಗೊಳ್ಳಿ.’ ಹೇಳುವವರು ಸಾಮಾನ್ಯವಾಗಿ ಹಬ್ಬಕ್ಕೆ ಊರಿಗೆ ಬಂದ ಬೆಂಗಳೂರಿನ ಹುಡುಗರು. ಬೆಟ್ಟದಪುರದಲ್ಲಿ ಟೈಪಿಂಗ್, ಜೆರಾಕ್ಸ್ ಮಾಡಿಕೊಂಡು ಬದುಕುವ ನನಗೆ ಈ ಮಾತು ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ. ಹೊಗೆಸೊಪ್ಪಿನ ಹರಾಜು ಮುಗಿದು ಕೈಗೆ ದುಡ್ಡು ಬರುವ ತನಕ ಮಗಳ ಕಾಲೇಜು ಫೀಸನ್ನೇ ಮುಂದೂಡುವ ಮನೆಗಳಿಗೆ ‘ಹೊಸದು ತಗೊಳ್ಳಿ’ ಎನ್ನುವುದು ಸಲಹೆಯೇ ಅಲ್ಲ.

ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ಕ್ಕೆ ಬೆಂಬಲ ನಿಲ್ಲಿಸಿತು. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಅದೇ ಗತಿಯಾಯಿತು. ಅಂದರೆ ಮೊನ್ನೆ ಮೊನ್ನೆ ಕೊಂಡಂತಿರುವ ಯಂತ್ರವೂ ಈಗ ‘ಹಳೇದು’. ವಿಂಡೋಸ್ 11 ಬೇಡುವ ಭದ್ರತಾ ಚಿಪ್ ಅದರಲ್ಲಿಲ್ಲ, ಅಷ್ಟೆ. ಬೆಂಬಲ ನಿಂತಿತು ಎಂದರೆ ಯಂತ್ರ ಸತ್ತಿತು ಎಂದಲ್ಲ. ಹೊಸದಾಗಿ ಪತ್ತೆಯಾಗುವ ತೂತುಗಳಿಗೆ ತೇಪೆ ಬರುವುದಿಲ್ಲ ಎಂದು. ಆ ತೂತಿನಿಂದ ಕಳ್ಳ ಬರುವುದು ಬಹುಪಾಲು ಇಂಟರ್ನೆಟ್ಟಿನಿಂದ, ಇಲ್ಲವೇ ಪೆನ್‌ಡ್ರೈವಿನಿಂದ. ಎಕ್ಸ್‌ಪಿಯಲ್ಲಿ ಬ್ಯಾಂಕಿನ ಕೆಲಸ ಮಾಡಬೇಡಿ, ನೆಟ್ಟಿನ ಕೇಬಲ್ ಕಿತ್ತಿಡಿ. ಬರೆಯುವುದಕ್ಕೆ ನೆಟ್ ಯಾಕೆ ಬೇಕು? ಕತೆ ಬರೆಯಲು ಕೂತು ಮೂರು ಗಂಟೆ ರೀಲ್ಸ್ ನೋಡುವವರಿಗೆ ಇದು ಔಷಧಿಯೂ ಹೌದು.

ಪೆನ್‌ಡ್ರೈವ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಕ್ಸ್‌ಪಿಗೆ ಅದನ್ನು ಚುಚ್ಚುವಾಗ ಶಿಫ್ಟ್ ಕೀ ಒತ್ತಿ ಹಿಡಿಯಿರಿ, ತಾನಾಗಿ ಓಡುವ ವೈರಸ್ಸಿಗೆ ತಡೆ. ಫೈಲುಗಳೆಲ್ಲ ಮಾಯವಾಗಿ ಬರೀ ಶಾರ್ಟ್‌ಕಟ್‌ಗಳು ಕಂಡರೆ ಗಾಬರಿ ಬೇಡ. ಆ ವೈರಸ್ ಸಾಮಾನ್ಯವಾಗಿ ಫೈಲನ್ನು ಅಳಿಸುವುದಿಲ್ಲ, ಬಚ್ಚಿಡುತ್ತದೆ. ಫೋಲ್ಡರ್ ಆಪ್ಷನ್ಸ್‌ಗೆ ಹೋಗಿ ಅಡಗಿದ ಫೈಲುಗಳನ್ನು ತೋರಿಸು ಎಂದು ಗುರುತು ಹಾಕಿ, ಸಿಸ್ಟಮ್ ಫೈಲುಗಳನ್ನು ಅಡಗಿಸು ಎಂಬುದರ ಗುರುತು ತೆಗೆಯಿರಿ, ಕಾಣುತ್ತವೆ. ಶಾರ್ಟ್‌ಕಟ್ಟನ್ನು ಮಾತ್ರ ಒತ್ತಬೇಡಿ. ಎಂ.ಎ. ಓದುವ ಹುಡುಗಿಯೊಬ್ಬಳಿಗೆ ಇದೇ ಆದಾಗ ಪೇಟೆಯ ಅಂಗಡಿಯೊಂದರಲ್ಲಿ ‘ಫಾರ್ಮ್ಯಾಟ್ ಮಾಡಿ ಬಿಸಾಕಮ್ಮ’ ಎಂದರಂತೆ. ಅದರಲ್ಲಿದ್ದದ್ದು ಅವಳ ಅಜ್ಜಿ ಹೇಳಿದ ಸೋಬಾನೆ ಪದಗಳು.

ಇನ್ನು ಸಿಡಿಲು. ಬೆಟ್ಟದ ಮೇಲೆ ಸಿಡಿಲು ಮಲ್ಲಿಕಾರ್ಜುನನನ್ನೇ ಕೂರಿಸಿಕೊಂಡ ಊರು ನಮ್ಮದು, ಇದನ್ನು ಹೇಳಿಕೊಡಬೇಕಾಗಿಲ್ಲ. ಆದರೂ ಏಪ್ರಿಲ್ ಮಳೆ ಬಂದಾಗ ಸ್ವಿಚ್ ಆರಿಸಿ ಸುಮ್ಮನಾಗುತ್ತಾರೆ. ಪ್ಲಗ್ಗನ್ನೇ ಕೀಳಬೇಕು, ಫೋನಿನ ವೈರನ್ನೂ.

ಸಾಹಿತಿಗಳ ಮೇಲೆ ನನಗಿರುವ ತಕರಾರು ಬೇರೆಯದು. ‘ಡಿಟಿಪಿಯವರು ಇನ್ನೂ ನುಡಿ ಫಾಂಟ್ ಬಿಟ್ಟಿಲ್ಲ, ಹಿಂದುಳಿದವರು’ ಎಂದು ಮೂಗು ಮುರಿಯುತ್ತಾರಲ್ಲ, ಯಾಕೆ ಬಿಟ್ಟಿಲ್ಲ ಎಂದು ಒಮ್ಮೆಯಾದರೂ ಕೇಳಿದ್ದೀರಾ? ನಿಮ್ಮ ಕವನ ಸಂಕಲನ ಪುಟ ಕಟ್ಟಿಸಿಕೊಂಡದ್ದು ಪೇಜ್‌ಮೇಕರಿನಲ್ಲಿ. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ, ಅದಕ್ಕೆ ಯೂನಿಕೋಡ್ ಗೊತ್ತಿಲ್ಲ. ಹೊಸ ತಂತ್ರಾಂಶದ ಬಾಡಿಗೆ ಕಟ್ಟುವಷ್ಟು ದರ ನೀವು ಪುಟಕ್ಕೆ ಕೊಡುವುದಿಲ್ಲ. ಹಾಗಾಗಿ ಎಕ್ಸ್‌ಪಿ, ಹಾಗಾಗಿ ಹಳೇ ನುಡಿ.

ಈ ಹಳೇ ಫಾಂಟುಗಳ ಗುಟ್ಟು ತಿಳಿದರೆ ಎದೆ ಝಲ್ ಎನ್ನುತ್ತದೆ. ನುಡಿಯಲ್ಲಿ ‘ಕನ್ನಡ’ ಎಂದು ಹೊಡೆದರೆ ಕಂಪ್ಯೂಟರಿನೊಳಗೆ ಕೂರುವುದು ಕನ್ನಡ ಅಲ್ಲ. ಇಂಗ್ಲಿಷಿನ ಪಿ, ಬ್ರಿಟನ್ನಿನ ಪೌಂಡ್ ಚಿಹ್ನೆ, ಒಂದು ಕ್ಯೂ, ನಡುನಡುವೆ ತಲೆಗೆ ಗೀಟೆಳೆದ ‘ಎ’ಗಳು. ಫಾಂಟ್ ಎಂಬ ಮುಖವಾಡ ಇರುವ ತನಕ ಅದು ಕನ್ನಡ, ತೆಗೆದರೆ ಕಸ. 1998ರಲ್ಲಿ ಶೇಷಾದ್ರಿವಾಸು ಬರಹವನ್ನು ಉಚಿತವಾಗಿ ಕೊಟ್ಟಾಗ, ಆಮೇಲೆ ಗಣಕ ಪರಿಷತ್ತು ನುಡಿ ತಂದಾಗ ಬೇರೆ ದಾರಿ ಇರಲಿಲ್ಲ, ಅವರನ್ನು ದೂರುವುದು ಕೃತಘ್ನತೆ. ಆದರೆ ಇವತ್ತೂ ಆ ಮುಖವಾಡದಲ್ಲೇ ಬಿಟ್ಟಿರುವವರು ನಾವು. ನಮ್ಮ ಕಡೆಯ ಎಷ್ಟು ಸ್ಮರಣ ಸಂಚಿಕೆಗಳು, ಜಾತ್ರೆಯ ಪುಸ್ತಿಕೆಗಳು, ತೀರಿಹೋದ ಮೇಷ್ಟ್ರುಗಳ ಪದ್ಯಗಳು ಹೀಗೆ ಯಾವುದೋ ಹಾರ್ಡ್‌ಡಿಸ್ಕಿನಲ್ಲಿ ಕೂತಿವೆ! ಡಬ್ಬವನ್ನು ಗುಜರಿಗೆ ಹಾಕಿ ಎನ್ನುವವರು ಮೊದಲು ಒಳಗೇನಿದೆ ನೋಡಲಿ.

ನುಡಿಯಿಂದ ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಆದರೆ ಕಣ್ಣು ಮುಚ್ಚಿ ನಂಬಬೇಡಿ. ಹಳೇ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ಹಿಂದೆ ಬರುತ್ತದೆ, ಯೂನಿಕೋಡಿನಲ್ಲಿ ರಕಾರ ಮುಂದೆ. ಪರಿವರ್ತಕ ಎಡವುವ ಜಾಗ ಅದು. ನಡುವೆ ಇಂಗ್ಲಿಷ್ ಪದವಿದ್ದರೆ ಅದನ್ನೂ ಕನ್ನಡದ ಚಿತ್ರಾನ್ನ ಮಾಡುತ್ತದೆ. ಸಾಲು ಸಾಲು ಓದಲೇಬೇಕು.

ಎಕ್ಸ್‌ಪಿಯಲ್ಲೇ ಯೂನಿಕೋಡ್ ಬರೆಯಬಹುದು, ಕನ್ನಡಕ್ಕೆಂದು ತುಂಗಾ ಫಾಂಟ್ ಅದರೊಳಗೇ ಇದೆ. ಕಂಟ್ರೋಲ್ ಪ್ಯಾನೆಲ್ಲಿನ ರೀಜನಲ್ ಅಂಡ್ ಲ್ಯಾಂಗ್ವೇಜ್ ಆಪ್ಷನ್ಸ್‌ನಲ್ಲಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಎಂಬಲ್ಲಿ ಗುರುತು ಹಾಕಬೇಕು. ಸಿಡಿ ಕೇಳುತ್ತದೆ, ಹುಡುಕಿಟ್ಟುಕೊಳ್ಳಿ. ನೋಟ್‌ಪ್ಯಾಡಿನಲ್ಲಿ ಸೇವ್ ಮಾಡುವಾಗ ಕೆಳಗೆ ‘ಆನ್ಸಿ’ ಎಂದಿರುವುದನ್ನು ‘ಯುಟಿಎಫ್-8’ಕ್ಕೆ ಬದಲಾಯಿಸಿ, ಎಚ್ಚರಿಕೆ ಕೊಟ್ಟಾಗಲೂ ಓಕೆ ಒತ್ತಿದರೆ ಕವಿತೆಯೆಲ್ಲ ಪ್ರಶ್ನೆ ಚಿಹ್ನೆ. ಅಂದಹಾಗೆ, ದಿನಚರಿ ಬರೆಯುವವರು ನೋಟ್‌ಪ್ಯಾಡಿನಲ್ಲಿ ಎಫ್5 ಒತ್ತಿ ನೋಡಿ, ತಾರೀಕು ಸಮಯ ತಾನೇ ಬೀಳುತ್ತದೆ.

ವಿದ್ಯಾರ್ಥಿಗಳಲ್ಲಿ ಒಂದು ಕೇಳಿಕೆ. ನಿಮ್ಮ ಮನೆಯ, ಕಾಲೇಜಿನ ಹಳೇ ಯಂತ್ರದಲ್ಲಿ ನುಡಿ ಫೈಲುಗಳಿದ್ದರೆ, ಹಾರ್ಡ್‌ಡಿಸ್ಕ್ ಕಟಕಟ ಅನ್ನುವುದಕ್ಕೆ ಮುಂಚೆ ಎರಡು ಕಡೆ ನಕಲು ಮಾಡಿ, ಫಾಂಟನ್ನೂ ಜೊತೆಗಿಡಿ. ಪುಸ್ತಕ ಮಾಡಿಸಿದವರು ಅಚ್ಚಾದ ಪ್ರತಿಯ ಜೊತೆ ಯೂನಿಕೋಡ್ ಪಠ್ಯವನ್ನೂ ಕೇಳಿ ಪಡೆಯಿರಿ. ನಮ್ಮ ಅಂಗಡಿಯಲ್ಲಿ ಇದಕ್ಕೆ ದುಡ್ಡಿಲ್ಲ. ಪೆನ್‌ಡ್ರೈವ್ ನೀವೇ ತನ್ನಿ, ವೈರಸ್ ಇಲ್ಲದ್ದು.