ಹೊಸ ಚಿಕಿತ್ಸೆ, ಹಳೆಯ ಪಾಲಿಸಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಯ ಅನೇಕ ಅಂಗಡಿ, ಪಾಲಿಶ್ ಘಟಕಗಳು ಮಾಲೀಕರೊಬ್ಬರ ಆರೋಗ್ಯವನ್ನೇ ನಂಬಿವೆ. ದೊಡ್ಡಕರುಳಿನ ಪಾಲಿಪ್ ಎಂಬ ಗಂಟು ಕ್ಯಾನ್ಸರಾಗಲು ಸಾಮಾನ್ಯವಾಗಿ ಹಲವು ವರ್ಷ ಹಿಡಿಯುತ್ತದೆ. ಅಷ್ಟರೊಳಗೆ ಕಂಡರೆ ಬಹುತೇಕ ಕೊಲೊನೋಸ್ಕೋಪಿಯಲ್ಲೇ ತೆಗೆಯಬಹುದು. ಅಗಲವಾದ ಗಂಟುಗಳಿಗಾಗಿ ಸಿಂಗಪುರದ ಎಂಡೋಮಾಸ್ಟರ್ ಸಂಸ್ಥೆಯು, ಒಂದು ಕೈಯಿಂದ ಎತ್ತಿ ಇನ್ನೊಂದರಿಂದ ಬಿಡಿಸುವ ರೋಬಾಟ್ ರೂಪಿಸಿದೆ, ಹೊಟ್ಟೆ ಕೊಯ್ಯಬೇಕಿಲ್ಲ.

ವೆಚ್ಚ ಭರಿಸುವವರು ಯಾರು? ರೋಬಾಟ್ ಶಸ್ತ್ರಚಿಕಿತ್ಸೆಯನ್ನು ಪಾಲಿಸಿಯಿಂದ ಹೊರಗಿಡಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ವಿಧಿಸಿತು. ಆದರೆ ಉಪಮಿತಿಗೆ ಅವಕಾಶವಿತ್ತಿತು. 5 ಲಕ್ಷದ ಪಾಲಿಸಿಯಲ್ಲಿ ಆ ಮಿತಿ 1 ಲಕ್ಷವಿದ್ದರೆ, ಮಿಕ್ಕ ಹಣ ವ್ಯಾಪಾರದ ಬಂಡವಾಳದಿಂದಲೇ ಹೋಗಬೇಕು.

ನವೀಕರಣಕ್ಕೆ ಮುನ್ನ ಆ ಸಾಲನ್ನು ಓದುವುದು ಅಗತ್ಯ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ಕಡೆಗಣಿಸದೆ ತಪಾಸಣೆ ಮಾಡಿಸುವುದು ಅದಕ್ಕಿಂತಲೂ ಅಗತ್ಯ. ಬೇಗ ಕಂಡ ಚಿಕ್ಕ ಗಂಟಿಗೆ ರೋಬಾಟೇ ಬೇಡ.